ಎಡಕ್ಕೊಂದು ಸೂಜಿತೂತು

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಸೂಜಿಯಕ್ಕನ ಅತ್ತೆ ಒಂದೇ ಉಸಿರಿಗೆ ಹೇಳುತ್ತಿದ್ದರು: "ಇಲಿ ತಲೆ ಕೊಯ್ಯೋದು. ಇನ್ನೇನು?" ಇಪ್ಪತ್ತಾರು ವರ್ಷಗಳಿಂದ ಇದೇ ಉತ್ತರ. "ತಲೆ ಅಲ್ಲ ಅತ್ತೆ, ಮೆದುಳು" ಎಂದು ತಿದ್ದಿ ತಿದ್ದಿ ಸೊಸೆಗೂ ಸಾಕಾಗಿತ್ತು. ಬಂದ ನೆಂಟರು ಟೀ ಲೋಟ ಕೆಳಗಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರು.

ಕೆಲಸ ಅಷ್ಟು ಸಸಾರದ್ದೇನೂ ಅಲ್ಲ. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವಳ ಕೋಣೆ. ಸೂರಿಗೆ ತಾಗಿದಂತಿದ್ದ ಗೇಣಗಲದ ಕಿಟಕಿಯಲ್ಲಿ ಹೊರಗೆ ಓಡಾಡುವವರ ಚಪ್ಪಲಿ, ಬೂಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಯಾವ ಬೂಟು ಯಾರದೆಂದು ಅವಳಿಗೆ ಬಾಯಿಪಾಠ. ಅಲ್ಲಿ ಕೂತು, ಹೆಪ್ಪುಗಟ್ಟಿಸಿದ ಇಲಿಯ ಮೆದುಳನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೋಳು ಮಾಡಬೇಕು. ಹೋಳುಗಳು ತಟ್ಟೆಯ ನೀರಿಗೆ ಬಿದ್ದು ತೇಲುತ್ತವೆ. ಒಂದೊಂದನ್ನೂ ಬ್ರಷ್ಷಿನ ತುದಿಯಲ್ಲಿ ಎತ್ತಿ ಗಾಜಿನ ಸ್ಲೈಡಿನ ಮೇಲೆ ಸುಕ್ಕಿಲ್ಲದಂತೆ ಹರಡಬೇಕು. ನಡುವೆ ಒಂದು ಸೀನು ಬಂದರೂ ಆ ಹೋಳಿನ ಕಥೆ ಮುಗಿಯಿತು.

ಇದರಲ್ಲಿ ಒಂದು ಪೇಚಿದೆ. ಮೆದುಳಿನ ಎಡಭಾಗ ಬಲಭಾಗ ಎರಡೂ ಅವಳಿ ಮಕ್ಕಳ ಹಾಗೆ. ಹೋಳು ನೀರಿನಲ್ಲಿ ತೇಲುವಾಗ ಮಗುಚಿಕೊಂಡರೆ ಯಾವುದು ಎಡ ಯಾವುದು ಬಲ ಎಂದು ಹಡೆದ ಇಲಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಕೊಯ್ಯುವ ಮೊದಲು ಮೆದುಳಿನ ಎಡಭಾಗದಲ್ಲಿ, ಯಾರಿಗೂ ಬೇಡದ ಜಾಗ ನೋಡಿ, ಹಿಂದಿನಿಂದ ಮುಂದಿನವರೆಗೆ ಸೂಜಿಯಿಂದ ಒಂದು ತೂತು ಹಾಕುತ್ತಾರೆ. ಆಮೇಲೆ ಎಷ್ಟು ಹೋಳು ಮಾಡಿದರೂ ಪ್ರತಿಯೊಂದರಲ್ಲೂ ತೂತಿರುವ ಕಡೆ ಎಡ. ಸೂಜಿ ಓರೆಯಾದರೆ ಮೆದುಳು ಹಾಳು. ಇಪ್ಪತ್ತಾರು ವರ್ಷದಲ್ಲಿ ಅವಳ ಸೂಜಿ ಓರೆಯಾದದ್ದಿಲ್ಲ. ಹಾಗಾಗಿಯೇ ಸೂಜಿಯಕ್ಕ ಎಂಬ ಹೆಸರು ಬಂತು, ಅದಕ್ಕೆ ಅವಳು ಬೀಗುತ್ತಿದ್ದಳು ಕೂಡ.

ಅವಳು ಕೊಯ್ದದ್ದನ್ನು ನೋಡುವವರು ಮೂರನೇ ಮಹಡಿಯ ದೊಡ್ಡ ಸರ್. ಮೆದುಳಿನ ಕಾಂಡದಿಂದ ಹಿಂಬದಿಯ ಕಿರುಮೆದುಳಿಗೆ ಹೋಗುವ ನರದ ಎಳೆಗಳ ಜಾಡು ಹಿಡಿಯುವುದೇ ಅವರ ಜನ್ಮದ ಕೆಲಸ. ಕಾಂಡದ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಸುಕ್ಕುಸುಕ್ಕಾದ ಗಂಟಿದೆ. ಎಡಗಂಟಿಗೆ ಬಣ್ಣ ಚುಚ್ಚಿದರೆ ಎಳೆಗಳು ಅದನ್ನು ಹೀರಿಕೊಂಡು ಮೇಲಕ್ಕೊಯ್ಯುತ್ತವೆ. ವಾರ ಬಿಟ್ಟು ಹೋಳು ಮಾಡಿ ನೋಡಿದರೆ ಬಣ್ಣ ಎಲ್ಲಿ ಹೋಗಿ ನಿಂತಿದೆ ಎಂದು ಕಾಣುತ್ತದೆ. ನಿಲ್ಲುವುದು ಬಲ ಕಿರುಮೆದುಳಿನಲ್ಲಿ. ಎಳೆಗಳು ನಡುವೆ ಅಡ್ಡ ದಾಟುತ್ತವೆ. ಇದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ದೊಡ್ಡ ಸರ್ ಹತ್ತೊಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಪುಸ್ತಕದಲ್ಲಿ ಇದ್ದದ್ದನ್ನೇ ಮತ್ತೆ ಮತ್ತೆ ಕಂಡುಹಿಡಿದಿದ್ದರು.

ಇಪ್ಪತ್ತನೇ ವರ್ಷ ಅವರ ಅದೃಷ್ಟ ಖುಲಾಯಿಸಿತು. ಅಡ್ಡ ದಾಟದೆ, ಎಡಗಂಟಿನಿಂದ ನೆಟ್ಟಗೆ ಎಡ ಕಿರುಮೆದುಳಿಗೇ ಹೋಗುವ ಎಳೆಗಳ ಕಟ್ಟೊಂದು ಸಿಕ್ಕಿಬಿಟ್ಟಿತು! ಸರ್ ಅದಕ್ಕೆ ತಮ್ಮ ಹೆಸರನ್ನೇ ಇಟ್ಟರು. ಬೇರೆಯವರ ಹೆಸರಿಡಲು ಅವರಿಗೇನು ಹುಚ್ಚೇ? ಪತ್ರಿಕೆಯಲ್ಲಿ ಲೇಖನ ಬಂತು, ಸನ್ಮಾನವಾಯಿತು, ಸನ್ಮಾನದಲ್ಲಿ ಎರಡು ಗಂಟೆ ಮಾತಾಡಿದರು. ಸಂಸ್ಥೆಯ ಬಾಗಿಲಲ್ಲಿ ಆಳೆತ್ತರದ ಪ್ಲಾಸ್ಟಿಕ್ ಮೆದುಳು ನಿಂತಿತು. ಸ್ವಿಚ್ ಒತ್ತಿದರೆ ಕೆಂಪು ಬಲ್ಬುಗಳ ಸಾಲು ಎಡಬುಡದಿಂದ ಎಡ ಕಿರುಮೆದುಳಿಗೆ ಪಟಪಟನೆ ಹತ್ತಿಕೊಂಡು ಹೋಗುತ್ತಿತ್ತು. ಬಂದವರೆಲ್ಲ ಸ್ವಿಚ್ ಒತ್ತಿ ಖುಷಿಪಟ್ಟರು.

ಸೂಜಿಯಕ್ಕನಿಗೂ ಖುಷಿಯೇ. ಕೊಯ್ದವಳು ತಾನಲ್ಲವೇ? ಲೇಖನದ ಚಿತ್ರ ನೋಡಲು ಫೋಟೋ ವಿಭಾಗಕ್ಕೆ ಹೋದಳು. ನೋಡಿದರೆ ಚಿತ್ರದಲ್ಲಿ ತೂತೇ ಇಲ್ಲ.

"ತೂತೆಲ್ಲಿ ಹೋಯ್ತೋ?" ಎಂದು ಫೋಟೋದವನನ್ನು ಕೇಳಿದಳು.

"ಅಳಿಸ್ದೆ ಅಕ್ಕ. ಅಷ್ಟು ಚೆನ್ನಾಗಿರೋ ಮೆದುಳಲ್ಲಿ ಏನಿದು ಹುಳುಕು, ತೆಗೀ ಅಂದ್ರು ಸರ್. ಕಂಪ್ಯೂಟರಲ್ಲಿ ಎರಡೇ ನಿಮಿಷ."

"ಹುಳುಕಾ?"

"ನಾನಲ್ಲ ಅಕ್ಕ ಅಂದಿದ್ದು, ಸರ್ ಅಂದಿದ್ದು!"

ಅವಳಿಗೆ ಪಿಚ್ಚೆನಿಸಿತು. ಆದರೆ ಸಂಭ್ರಮದ ಮನೆಯಲ್ಲಿ ಮೂತಿ ಊದಿಸಿಕೊಂಡು ಕೂರುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನೆ ಕೆಳಗಿಳಿದು ಹೋದಳು.

ಐದು ತಿಂಗಳಿಗೆ ದೂರದ ಲ್ಯಾಬೊಂದರಿಂದ ಪತ್ರ ಬಂತು. ಪತ್ರದಲ್ಲಿ ಬೈಗುಳವಿರಲಿಲ್ಲ, ಅದೇ ಹೆದರಿಕೆಯ ವಿಷಯ. ನಾವು ಮೂವತ್ತು ಇಲಿಗಳಲ್ಲಿ ಹುಡುಕಿದೆವು, ಮೂವತ್ತರಲ್ಲೂ ಎಳೆಗಳು ಅಡ್ಡವೇ ದಾಟಿವೆ, ನಿಮ್ಮ ನೇರದಾರಿಯ ಸುಳಿವೂ ಸಿಗಲಿಲ್ಲ, ದಯವಿಟ್ಟು ನಿಮ್ಮ ಸ್ಲೈಡುಗಳನ್ನು ಪರೀಕ್ಷಿಸಿ ತಿಳಿಸಿ ಎಂದು ಬರೆದಿದ್ದರು. ಮೂರನೇ ಮಹಡಿಯ ಬಾಗಿಲು ಎರಡು ದಿನ ತೆರೆಯಲಿಲ್ಲ. ಮೂರನೇ ದಿನ ಸೂಜಿಯಕ್ಕನಿಗೆ ಕರೆ ಹೋಯಿತು.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದರು ದೊಡ್ಡ ಸರ್. ಇಪ್ಪತ್ತು ವರ್ಷದಲ್ಲಿ ಅವರು ಕೂರಲು ಹೇಳಿದ್ದು ಅದೇ ಮೊದಲು. ಏನೋ ಗ್ರಹಚಾರ ಕಾದಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು. "ನೋಡಮ್ಮ, ತಪ್ಪು ಎಲ್ಲರಿಂದಾನೂ ಆಗುತ್ತೆ. ಈ ಸಲ ನಿಮ್ಮಿಂದ ಆಗಿದೆ."

"ಏನ್ ತಪ್ಪು ಸರ್?"

"ಕಿರುಮೆದುಳಿನ ಹೋಳುಗಳನ್ನ ಮಗುಚಿ ಅಂಟಿಸಿಬಿಟ್ಟಿದೀರಿ. ಅದಕ್ಕೇ ಬಲದಲ್ಲಿರೋ ಬಣ್ಣ ನಮಗೆ ಎಡದಲ್ಲಿ ಕಂಡಿದೆ. ಒಂದಲ್ಲ ಎರಡಲ್ಲ, ಅರವತ್ತು ಹೋಳು."

"ಅರವತ್ತೂ? ಒಂದೋ ಎರಡೋ ಆದ್ರೆ ಮಗುಚ್ಕೊಂಡಿರಬಹುದು ಅನ್ನೋಣ. ಅರವತ್ತೂ ಮಾತಾಡ್ಕೊಂಡು ಒಟ್ಟಿಗೇ ಮಗುಚ್ಕೊಂಡ್ವಾ ಸರ್?"

ಸರ್ ಟೈಪು ಮಾಡಿಸಿಟ್ಟಿದ್ದ ಹಾಳೆಯನ್ನು ಮುಂದೆ ತಳ್ಳಿದರು. 'ನನ್ನ ಕೈತಪ್ಪಿನಿಂದ' ಎಂದು ಶುರುವಾಗುತ್ತಿತ್ತು. ಕೆಳಗೆ ಸಹಿಗೆ ಚುಕ್ಕಿಗಳ ಗೆರೆ.

"ಸುಮ್ನೆ ಒಂದು ಫಾರ್ಮಾಲಿಟಿ. ಸಹಿ ಹಾಕಿ. ಸಂಸ್ಥೆಯ ಮರ್ಯಾದೆ ಉಳಿಯುತ್ತೆ. ನಿಮ್ಮನ್ನೇನೂ ಮನೆಗೆ ಕಳಿಸಲ್ಲ. ನಿವೃತ್ತಿಗೆ ಇನ್ನೆರಡು ವರ್ಷ ಇದೆಯಲ್ಲ, ಬಾಟ್ಲಿ ತೊಳೆಯೋ ಕಡೆ ಹಾಕ್ತೀವಿ. ಅಲ್ಲಿ ಎಡ ಬಲದ ತಾಪತ್ರಯಾನೇ ಇಲ್ಲ."

ಬಾಟ್ಲಿ ತೊಳೆಯುವುದು ಕೀಳೆಂದಲ್ಲ. ಆದರೆ ಇಪ್ಪತ್ತಾರು ವರ್ಷ ಉಸಿರು ಬಿಗಿಹಿಡಿದು ನೆಟ್ಟಗೆ ಸೂಜಿ ಹಾಕಿ, ಕೊನೆಗೆ ತಾನು 'ಮಗುಚಿ ಅಂಟಿಸಿದವಳು' ಎಂಬ ಹೆಸರು ಹೊತ್ತುಕೊಂಡು ಹೋಗುವುದೇ?

"ಯೋಚನೆ ಮಾಡಿ ಹೇಳ್ತೀನಿ ಸರ್," ಎಂದಳು.

"ಯೋಚನೆ ಮಾಡೋಕೇನಿದೆ? ಶುಕ್ರವಾರ ಸಮಿತಿ ಕೂರುತ್ತೆ. ಅಷ್ಟರೊಳಗೆ ಸಹಿ ಬಂದ್ರೆ ಒಳ್ಳೇದು," ಎಂದು ಸರ್ ಕನ್ನಡಕ ಒರೆಸಿಕೊಂಡರು.

ಸಂಜೆ ಮನೆಗೆ ಬಂದು ಚಪ್ಪಲಿಯನ್ನು ಒಂದೊಂದು ದಿಕ್ಕಿಗೆ ಬಿಸಾಕಿದಳು. ಮನೆಯ ಮುಂದಿನ ಕೋಣೆಯೇ ಗಂಡನ ದರ್ಜಿ ಅಂಗಡಿ. ಗೋಡೆಗೆ ನಿಲುವುಗನ್ನಡಿ, ಅದರ ಮುಂದೆ ಹೊಲಿಗೆ ಯಂತ್ರ. ಗಂಡ ಗುಂಡಿ ಹೊಲಿಯುತ್ತಿದ್ದವನು ಹಲ್ಲಲ್ಲಿ ದಾರ ಕಚ್ಚಿಕೊಂಡೇ ಕೇಳಿದ, "ಯಾರ ಮೇಲೆ ಸಿಟ್ಟು?"

ಅವಳು ಎಲ್ಲ ಹೇಳಿದಳು. ಒಳಗಿನಿಂದ ಅತ್ತೆ, "ಅವರ ತಲೆ ಕೊಯ್ಯೋದು ಬಿಟ್ಟು ಇಲಿದು ಕೊಯ್ತೀಯಲ್ಲ, ಅನುಭವಿಸು!" ಎಂದರು. ಅತ್ತೆ ತನ್ನ ಪರವಾಗಿ ಮಾತಾಡಿದ್ದೂ ಅದೇ ಮೊದಲು.

"ತಪ್ಪು ನನ್ನದಲ್ಲ ರೀ. ಸ್ಲೈಡ್ ತೆಗ್ದು ನೋಡಿ ಬಂದೆ, ಎಲ್ಲ ನೆಟ್ಟಗಿದೆ. ಹಾಗಾದ್ರೆ ಅವ್ರಿಗೆ ಎಡದಲ್ಲಿ ಹೇಗೆ ಕಾಣ್ಸುತ್ತೆ? ಅದೇ ನಂಗೆ ಹೊಳೀತಿಲ್ಲ. ಮೊದಲರ್ಧ, ಆ ಕಾಂಡದ್ದು, ಸರಿಯಾಗೇ ಬರ್ದಿದಾರೆ. ಕಿರುಮೆದುಳಿಗೆ ಬಂದ ಕೂಡ್ಲೆ ಎಡವಟ್ಟು."

ಗಂಡ ದಾರ ತುಂಡು ಮಾಡಿದ. "ಕಾಂಡ ಆದ್ಮೇಲೆ ಏನಾದ್ರೂ ಬದಲಾಯ್ತಾ?"

"ಏನಿಲ್ಲ. ಹಳೇ ಮೈಕ್ರೋಸ್ಕೋಪು ಕೆಟ್ಟುಹೋಯ್ತು. ಅದಕ್ಕೊಂದು ಕನ್ನಡಿ ಇತ್ತು, ಚಿತ್ರ ಮೇಜಿನ ಹಾಳೆ ಮೇಲೆ ಬೀಳೋದು, ಸರ್ ಅದ್ರ ಮೇಲೇ ಪೆನ್ಸಿಲ್ ಆಡಿಸ್ತಿದ್ರು. ಹೊಸದ್ರಲ್ಲಿ ಕನ್ನಡಿ ಇಲ್ಲ, ಟೀವಿಲಿ ಕಂಡ ಹಾಗೆ ಕಾಣುತ್ತೆ."

ಗಂಡ ಮುಸಿಮುಸಿ ನಕ್ಕ. "ಆ ಮದುಮಗನ ಕೋಟು ನೆನಪಿದ್ಯೇನೇ?"

ನೆನಪಿಲ್ಲದೇ ಏನು! ಗಿರಾಕಿಗಳನ್ನು ಕನ್ನಡಿ ಮುಂದೆ ನಿಲ್ಲಿಸಿ, ಅವರ ಬೆನ್ನ ಹಿಂದೆ ನಿಂತು, ಕನ್ನಡಿ ನೋಡಿಕೊಂಡೇ ತೋಳಿನ ಅಳತೆ ಸರಿಮಾಡುವುದು ಅವನ ಅಭ್ಯಾಸ. ಒಮ್ಮೆ ಕನ್ನಡಿ ಒಡೆದಿತ್ತು. ಮದುಮಗನನ್ನು ಎದುರಾಎದುರು ನಿಲ್ಲಿಸಿಕೊಂಡು, ಕನ್ನಡಿಯಲ್ಲಿ ನೋಡಿದ ಹಾಗೇ ಲೆಕ್ಕ ಹಿಡಿದು, ಉದ್ದವಿದ್ದ ತೋಳನ್ನು ಬಿಟ್ಟು ಸರಿಯಿದ್ದ ತೋಳನ್ನು ಎರಡು ಇಂಚು ಕತ್ತರಿಸಿಬಿಟ್ಟ. ಮದುಮಗ ಮದುವೆಯ ಫೋಟೋದಲ್ಲೆಲ್ಲ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದ.

"ಕನ್ನಡಿ ಹೋದ್ರೂ ಕಣ್ಣಿನ ಚಾಳಿ ಹೋಗಲ್ಲ ಕಣೇ," ಎಂದ ಗಂಡ.

ಸೂಜಿಯಕ್ಕ ಕನ್ನಡಿಯ ಮುಂದೆ ಹಾಗೇ ನಿಂತಳು. ಹೌದಲ್ಲ! ಕನ್ನಡಿಯ ಚಿತ್ರದಲ್ಲಿ ಎಡ ಬಲ ಅದಲುಬದಲು. ಹಾಗಾಗಿ ಸರ್ ಹತ್ತೊಂಬತ್ತು ವರ್ಷ ಚಿತ್ರದ ಬಲಕ್ಕೆ 'ಎಡ' ಎಂದೂ, ಎಡಕ್ಕೆ 'ಬಲ' ಎಂದೂ ಬರೆದು ಬರೆದು ಅಭ್ಯಾಸವಾಗಿತ್ತು. ಹೊಸ ಯಂತ್ರ ಇದ್ದದ್ದನ್ನು ಇದ್ದ ಹಾಗೇ ತೋರಿಸಿದೆ. ಇವರು ಕೈ ಬಂದ ಹಾಗೆ ಅದಲುಬದಲು ಬರೆದಿದ್ದಾರೆ. ತಪ್ಪನ್ನು ಕೂಗಿ ಹೇಳಬಹುದಾಗಿದ್ದ ತೂತನ್ನು ಹುಳುಕೆಂದು ಅಳಿಸಿದ್ದಾರೆ. ಜಗತ್ತಿನ ಮಹಾ ಶೋಧನೆ ಎಂದರೆ ಇಷ್ಟೇ: ಮದುಮಗನ ಕೋಟು. ಅವಳಿಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು.

ಶುಕ್ರವಾರ ಸಮಿತಿ ಕೂತಿತು. ಅಧ್ಯಕ್ಷರು ಮೂಳೆ ವಿಭಾಗದ ಮೂಳೆ ಸರ್; ಮೆದುಳಿನ ಗಂಧಗಾಳಿ ಇಲ್ಲದ ಕಾರಣ ಪಕ್ಷಪಾತ ಮಾಡಲಾರರೆಂದು ಅವರನ್ನು ಆರಿಸಿದ್ದರು. ಎರಡನೆಯವರು ಆಡಳಿತ ವಿಭಾಗದ ಮೇಡಂ. ಮೂರನೆಯವರು ಸಾಕ್ಷಾತ್ ದೊಡ್ಡ ಸರ್. ದೂರು ಕೊಟ್ಟವರೇ ತೀರ್ಪು ಕೊಡುವುದೆಂದರೇನು ಎಂದು ಕೇಳಬೇಡಿ. ವಿಷಯ ಬಲ್ಲವರು ಬೇರೆ ಯಾರೂ ಇರಲಿಲ್ಲವಂತೆ. ಮೇಜಿನ ಮೇಲೆ ಬಿಸ್ಕತ್ತು, ನೀರು, ಸಹಿಗೆ ಕಾದಿದ್ದ ಅದೇ ಹಾಳೆ.

ಸೂಜಿಯಕ್ಕ ಸ್ಲೈಡಿನ ಪೆಟ್ಟಿಗೆ ತಂದಿಟ್ಟಳು. ಒಂದು ಸ್ಲೈಡು ತೆಗೆದು ಅಧ್ಯಕ್ಷರ ಕೈಗೆ ಕೊಟ್ಟಳು. "ಕಿಟಕಿ ಬೆಳಕಿಗೆ ಹಿಡ್ದು ನೋಡಿ ಸರ್. ಹೋಳು ಗುಲಗಂಜಿಯಷ್ಟು ದೊಡ್ಡದಿದೆ, ತೂತು, ಬಣ್ಣ ಎರಡೂ ಕಾಣುತ್ತೆ."

"ಬರಿಗಣ್ಣಲ್ಲಾ?" ಎಂದು ದೊಡ್ಡ ಸರ್ ಕುರ್ಚಿಯಿಂದ ಅರ್ಧ ಎದ್ದರು. "ಬರಿಗಣ್ಣಲ್ಲಿ ನೋಡೋಕೆ ಇದೇನು ತರಕಾರೀನಾ? ಒಂದು ಪದ್ಧತಿ ಅನ್ನೋದು ಇದೆ."

"ಬರಿಗಣ್ಣು ನಿಯಮದಲ್ಲಿ ಇದೆಯಾ?" ಎಂದು ಮೂಳೆ ಸರ್ ಮೇಡಂ ಕಡೆ ತಿರುಗಿದರು. ಮೇಡಂ ಫೈಲು ಮಗುಚಿದರು. ನಿಯಮದಲ್ಲಿ ಬರಿಗಣ್ಣಿನ ಪ್ರಸ್ತಾಪ ಇರಲಿಲ್ಲ, ನಿಷೇಧವೂ ಇರಲಿಲ್ಲ. ಇಪ್ಪತ್ತು ನಿಮಿಷ ಚರ್ಚೆಯಾಗಿ, ಬಿಸ್ಕತ್ತು ಖಾಲಿಯಾಗಿ, ಕೊನೆಗೆ ಬರಿಗಣ್ಣಿಗೆ ತಾತ್ಕಾಲಿಕ ಅನುಮತಿ ಸಿಕ್ಕಿತು.

ಮೂಳೆ ಸರ್ ಪರದೆ ಸರಿಸಿ ಸ್ಲೈಡನ್ನು ಬೆಳಕಿಗೆ ಹಿಡಿದರು. "ತೂತು ಕಾಣ್ತಿದೆ."

"ಅದು ಎಡ ಸರ್. ಬಣ್ಣ ಎಲ್ಲಿದೆ?"

"ತೂತಿನ ಈ ಕಡೆ... ಅಲ್ಲ, ಆಚೆ ಬದಿ."

"ಅಂದ್ರೆ ಬಲ. ಈಗ ಸ್ಲೈಡ್ ಮಗುಚಿ ಹಿಡೀರಿ. ನಾನು ಮಗುಚಿ ಅಂಟಿಸಿದೀನಿ ಅಂತಾನೇ ಇಟ್ಕೊಳ್ಳೋಣ. ಈಗ?"

ಮೂಳೆ ಸರ್ ಮಗುಚಿದರು. "ತೂತು ಆ ಕಡೆ ಹೋಯ್ತು. ಬಣ್ಣ ಈ ಕಡೆ ಬಂತು. ಅರೆ! ಈಗಲೂ ಬಣ್ಣ ತೂತಿನ ಎದುರು ಬದೀನೇ."

"ಹೋಳು ಮಗುಚಿದ್ರೆ ತೂತೂ ಜೊತೆಗೇ ಮಗುಚುತ್ತೆ ಸರ್. ನಾನು ಕಣ್ಣು ಮುಚ್ಕೊಂಡು ಅಂಟಿಸಿದ್ರೂ ತೂತು ಸುಳ್ಳು ಹೇಳಲ್ಲ. ಅದಿರೋದೇ ಅದಕ್ಕೆ. ಎಡಕ್ಕೆ ಚುಚ್ಚಿದ ಬಣ್ಣ ಬಲಕ್ಕೆ ಹೋಗಿದೆ, ಪುಸ್ತಕದಲ್ಲಿ ಇರೋ ಹಾಗೇ. ನೇರದಾರಿ ಅನ್ನೋದೇ ಇಲ್ಲ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹಳೇ ಮಿಷನ್ನಲ್ಲಿ ಕನ್ನಡಿ ಇತ್ತು, ಹೊಸದ್ರಲ್ಲಿ ಇಲ್ಲ. ಸರ್ ಹಳೇ ಅಭ್ಯಾಸದಲ್ಲೇ ಎಡ ಬಲ ಅದಲುಬದಲು ಬರ್ದಿದಾರೆ. ತೂತು ಇದ್ದಿದ್ರೆ ತಕ್ಷಣ ಗೊತ್ತಾಗಿರೋದು. ಚೆನ್ನಾಗಿ ಕಾಣಲ್ಲ ಅಂತ ಅಳಿಸಿಬಿಟ್ರು. ಈಗ ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದಿದೀರಿ."

ಮೇಡಂ ಸ್ಲೈಡು ಇಸಿದುಕೊಂಡು ತಾವೂ ಬೆಳಕಿಗೆ ಹಿಡಿದರು, ಮಗುಚಿದರು, ಮತ್ತೆ ಹಿಡಿದರು. ಆಮೇಲೆ ದೊಡ್ಡ ಸರ್ ಮುಖ ನೋಡಿದರು. ಆ ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

"ಸಮಿತಿ ಪರಿಶೀಲಿಸುತ್ತೆ," ಎಂದರು ಮೂಳೆ ಸರ್.

ಸಮಿತಿ ಪರಿಶೀಲಿಸಿ ಹತ್ತು ದಿನಕ್ಕೆ ವರದಿ ಕೊಟ್ಟಿತು. ಎಡ ಬಲದ ವ್ಯತ್ಯಾಸ ಯಂತ್ರ ಬದಲಾವಣೆಯ ಕಾಲದಲ್ಲಿ ತಾನಾಗಿ ಉಂಟಾದದ್ದು. ಯಾರದೂ ದೋಷವಿಲ್ಲ. ಯಂತ್ರಕ್ಕೆ ಎಚ್ಚರಿಕೆ ಕೊಡಲು ಬಾರದ್ದರಿಂದ ಅದನ್ನೂ ಬಿಟ್ಟಿದ್ದರು. ಕೊನೆಯ ಸಾಲಿನಲ್ಲಿ, ಸೂಜಿಯಕ್ಕನ ದೀರ್ಘ ಸೇವೆಯನ್ನು ಗಮನಿಸಿ ಆಕೆಯನ್ನು ಕ್ಷಮಿಸಲಾಗಿದೆ, ಓದಿಕೊಂಡು ಸಹಿ ಹಾಕಿ ಹಿಂದಿರುಗಿಸತಕ್ಕದ್ದು ಎಂದಿತ್ತು.

ಅವಳು ಆ ಸಾಲನ್ನು ನಾಲ್ಕು ಸಲ ಓದಿದಳು. ಮಾಡದ ತಪ್ಪಿಗೆ ಕ್ಷಮೆ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕ್ಷಮಿಸಿದವರನ್ನು ಏನು ಮಾಡುವುದು? ಹಾಳೆಯನ್ನು ಸಹಿ ಹಾಕದೆ ಮೇಜಿನ ಖಾನೆಗೆ ತುರುಕಿದಳು.

ಅಷ್ಟರಲ್ಲಿ ದೊಡ್ಡ ಸರ್ ಚೇತರಿಸಿಕೊಂಡಿದ್ದರು. ದೊಡ್ಡವರು ಬಿದ್ದರೂ ಮೈಗೆ ಮಣ್ಣು ಹತ್ತುವುದಿಲ್ಲ ನೋಡಿ. ಎಳೆಗಳು ಅಡ್ಡ ದಾಟುವುದನ್ನು ತಾವು ಹೊಸ ಯಂತ್ರದಿಂದ ಖಚಿತಪಡಿಸಿದ್ದಾಗಿ ಎರಡನೇ ಲೇಖನ ಬರೆದರು. ಬಾಗಿಲ ಬಳಿಯ ಪ್ಲಾಸ್ಟಿಕ್ ಮೆದುಳಿಗೆ ಎಲೆಕ್ಟ್ರಿಷಿಯನ್ ಏಣಿ ಹಾಕಿಕೊಂಡು, "ಎಡಕ್ಕೆ ಎಳೀಲಾ ಬಲಕ್ಕೆ ಎಳೀಲಾ, ಒಂದ್ಸಲ ತೀರ್ಮಾನ ಮಾಡ್ಕೊಂಡು ಹೇಳಿ ಮಾರಾಯ್ರೇ," ಎಂದು ಗೊಣಗುತ್ತಾ ಬಲ್ಬುಗಳ ಸಾಲನ್ನು ಬಲಕ್ಕೆ ತಿರುಗಿಸಿದ. ಈ ಸಲದ ಚಿತ್ರದಲ್ಲಿ ತೂತನ್ನು ಅಳಿಸಿರಲಿಲ್ಲ. ಫೋಟೋದವನು ಅಚ್ಚಿಗೆ ಹೋಗುವ ಮುಂಚೆ ಕರಡು ಪ್ರತಿ ತಂದುಕೊಟ್ಟ. "ನೋಡಿ ಅಕ್ಕ, ನಿಮ್ಮ ತೂತು! ಬಾಣದ ಗುರುತು ಬೇರೆ ಹಾಕಿದಾರೆ."

ಬಾಣ ಇತ್ತು. ಬಾಣದ ಬುಡದಲ್ಲಿ 'ಕೊಯ್ಯುವಾಗ ಆದ ಹಾನಿ' ಎಂದು ಬರೆದಿತ್ತು.

ಮಾರನೆಯ ದಿನ ಬೆಳಿಗ್ಗೆ ಹನ್ನೆರಡು ಮೆದುಳು ಕೆಳಗೆ ಬಂದವು. ಪತ್ರ ಬರೆದ ಲ್ಯಾಬಿಗೆ ಹೊಸ ಸ್ಲೈಡುಗಳನ್ನು ವಾರದೊಳಗೆ ಕಳಿಸುವುದಾಗಿ ಸರ್ ಮಾತು ಕೊಟ್ಟಿದ್ದರು. ಸೂಜಿಯಕ್ಕ ಮೆದುಳುಗಳನ್ನು ಫ್ರಿಜ್ಜಿನಲ್ಲಿಟ್ಟು, ಯಂತ್ರಕ್ಕೆ ಬಟ್ಟೆ ಹೊದಿಸಿ, ಕೈಕಟ್ಟಿ ಕೂತಳು. ಸೋಮವಾರ ಕೂತಳು, ಮಂಗಳವಾರ ಕೂತಳು. ಬುಧವಾರ ಕಂದು ಬೂಟೊಂದು ಕಿಟಕಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಹಾದುಹೋಯಿತು. ಮೂರನೇ ಸಲ ಬಾಗಿಲಿಗೇ ಬಂತು.

"ಏನಮ್ಮ, ಕೆಲಸ ನಿಂತಿದೆಯಂತೆ?" ಎಂದರು ದೊಡ್ಡ ಸರ್.

"ನಿಂತಿಲ್ಲ ಸರ್, ಒಂದು ಅನುಮಾನ ಇದೆ." ಕರಡು ಪ್ರತಿ ಮುಂದಿಟ್ಟಳು. "ಇಲ್ಲಿ ಹಾನಿ ಅಂತ ಬರ್ದಿದೀರಿ. ಈ ಹನ್ನೆರಡಕ್ಕೂ ಹಾನಿ ಮಾಡ್ಲಾ, ಬೇಡ್ವಾ?"

"ಅಯ್ಯೋ, ಅದೇನು ದೊಡ್ಡ ವಿಷಯ. ಹೊಟ್ಟೆಗೆ ಹಾಕ್ಕೊಳ್ಳಿ."

"ಇಪ್ಪತ್ತಾರು ವರ್ಷ ಹಾಕ್ಕೊಂಡೆ ಸರ್, ಇನ್ನು ಜಾಗ ಇಲ್ಲ. ಬೇಡ ಅಂದ್ರೆ ತೂತಿಲ್ದೇನೇ ಕೊಯ್ದು ಕೊಡ್ತೀನಿ. ಆಮೇಲೆ ಎಡ ಯಾವುದು, ಬಲ ಯಾವುದು ಅಂತ ಆ ಲ್ಯಾಬಿನವರಿಗೆ ನೀವೇ ಹೇಳ್ಬೇಕು."

ಸರ್ ಹಣೆ ಒರೆಸಿಕೊಂಡರು. ತೂತಿಲ್ಲದ ಹನ್ನೆರಡು ಮೆದುಳು ಕಣ್ಣ ಮುಂದೆ ಬಂದಿರಬೇಕು. "ಏನು ಬೇಕು ನಿಮಗೆ?"

ಸೂಜಿಯಕ್ಕ ಖಾನೆಯಿಂದ ವರದಿಯ ಹಾಳೆ ತೆಗೆದು ಪೆನ್ನಿನ ಜೊತೆ ಇಟ್ಟಳು. "ಕ್ಷಮಿಸಲಾಗಿದೆ ಅನ್ನೋದನ್ನ ಹೊಡೆದುಹಾಕಿ. ನನ್ನಿಂದ ತಪ್ಪಾಗಿಲ್ಲ ಅಂತ ಬರೀರಿ. ಕರಡಿನಲ್ಲಿ ಹಾನಿ ಅನ್ನೋ ಕಡೆ ಎಡದ ಗುರುತು ಅಂತ ತಿದ್ದಿ. ಆಮೇಲೆ ತೂತು ಹಾಕ್ಬೇಕು ಅಂತ ಆರ್ಡರ್ ಬರ್ದುಕೊಡಿ. ಗೋಡೆಗೆ ಅಂಟಿಸ್ಕೋತೀನಿ. ನಾನು ಹೋದ್ಮೇಲೆ ಬರೋರಿಗೂ ಇರ್ಲಿ."

ಸರ್ ಸುತ್ತ ನೋಡಿದರು, ಫ್ರಿಜ್ಜು ಗುಂಯ್ಗುಡುತ್ತಿತ್ತು. ಕುರ್ಚಿ ಒಂದೇ ಇತ್ತು, ಅದರಲ್ಲಿ ಅವಳು ಕೂತಿದ್ದಳು. ನಿಂತುಕೊಂಡೇ ಮೇಜಿಗೆ ಬಾಗಿ, ಕ್ಷಮೆಯನ್ನು ಹೊಡೆದುಹಾಕಿದರು. ತಪ್ಪಾಗಿಲ್ಲ ಎಂದು ಬರೆದರು. ಹಾನಿಯನ್ನು ತಿದ್ದಿದರು. ಹೊಸ ಹಾಳೆಯಲ್ಲಿ 'ಎಲ್ಲ ಮೆದುಳಿಗೂ ಕೊಯ್ಯುವ ಮೊದಲು ಎಡಭಾಗದಲ್ಲಿ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಸರ್ ತಲೆಯೆತ್ತಿ ತಮ್ಮ ಎಡಗೈ ನೋಡಿಕೊಂಡರು, ಅವಳ ಎಡಗೈ ನೋಡಿದರು. ಧ್ವನಿ ತಗ್ಗಿಸಿ ಕೇಳಿದರು:

"ಎಡ ಅಂದ್ರೆ... ಯಾರ ಎಡ?"

ನಗಬಹುದಿತ್ತು. ನಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಅವಳನ್ನು ಕೇಳಿದ ಮೊದಲನೇ ನಿಜವಾದ ಪ್ರಶ್ನೆ ಅದು.

"ಇಲೀದು ಸರ್," ಎಂದಳು ಸೂಜಿಯಕ್ಕ. "ಇಲೀದು ಅಂತಾನೇ ಬರೀರಿ."

ದೊಡ್ಡ ಸರ್ ಹಾಗೇ ಬರೆದು ಸಹಿ ಹಾಕಿದರು. ಅವಳು ಎದ್ದು ಯಂತ್ರದ ಬಟ್ಟೆ ತೆಗೆದಳು.